ಫಸಲು ಗುತ್ತಿಗೆಯೋ, ತೋಟದ ಕ್ರಯವೋ? ಸಕಲೇಶಪುರದ ಹಾಡುಗಾರ್ತಿಯೊಬ್ಬಳ ಒಪ್ಪಂದದ ಪ್ರಕರಣ

ಹಾಸನದ ಕೋರ್ಟಿನಲ್ಲಿ ನಾನು ನಡೆಸಿಕೊಂಡು ಬಂದಿರುವುದು ಬಹುಪಾಲು ಜಮೀನಿನ ಕೇಸುಗಳನ್ನೇ. ಭಾಗದ ದಾವೆ, ಒತ್ತುವರಿ, ಬಂಡಿದಾರಿ ತಕರಾರು, ಪೋಡಿ. ಹಾಡಿನ ಕಾಗದವೊಂದು ಮೊದಲ ಸಲ ನನ್ನ ಮೇಜಿಗೆ ಬಂದದ್ದು 2022ರ ಜೂನ್ ತಿಂಗಳಲ್ಲಿ. ತಂದವನು ನನ್ನ ಜೊತೆ ಪಿಯುಸಿ ಓದಿದ ಗೆಳೆಯ, ಸಕಲೇಶಪುರ ತಾಲ್ಲೂಕಿನ ಸಣ್ಣ ಬೆಳೆಗಾರ. ಜೊತೆಗೆ ಬಂದವಳು ಅವನ ಮಗಳು, ಆಗ ಇಪ್ಪತ್ತು ವರ್ಷ, ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಪದವಿಯ ಕೊನೆಯ ವರ್ಷ ಓದುತ್ತಿದ್ದಳು. ಈಗ ಅವಳ ಹಾಡು ಗೊತ್ತಿಲ್ಲದ ಕಾಲೇಜು ಹುಡುಗರು ನಮ್ಮ ಕಡೆ ಕಡಿಮೆ. ಅಪ್ಪ ಮಗಳಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಅಂಥ ಕಾಗದ ಕಳಿಸುವ ಕಂಪನಿ ಅದೊಂದೇ ಅಲ್ಲ.

ಅವಳು ಹಾಡುಗಾರ್ತಿಯಾದ ಬಗೆಯನ್ನು ಮೊದಲು ಹೇಳಬೇಕು, ಯಾಕೆಂದರೆ ಮುಂದಿನ ತಕರಾರುಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಮನೆಯಲ್ಲಿ ಹಾಡು ಅಂದರೆ ಅಜ್ಜಿ. ಸುತ್ತಲಿನ ಊರುಗಳಲ್ಲಿ ಮದುವೆಯಾದರೆ ಸೋಬಾನೆ ಹೇಳಲು ಅಜ್ಜಿಯನ್ನೂ ಇನ್ನು ಮೂರ್ನಾಲ್ಕು ಹೆಂಗಸರನ್ನೂ ಕರೆಸುತ್ತಿದ್ದರು. ಹುಡುಗಿ ಅವರ ಮಡಿಲಲ್ಲಿ ಕೂತು ಕೇಳಿದವಳು. ಅಡಿಗೆಮನೆಯಲ್ಲಿ ಹಾಸನ ಆಕಾಶವಾಣಿ, ಹೈಸ್ಕೂಲಿನಲ್ಲಿ ಭಾವಗೀತೆ ಸ್ಪರ್ಧೆ, ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಕೊಟ್ಟ ಒಂದು ಮೈಕು. ಶಾಸ್ತ್ರೀಯ ಸಂಗೀತ ಒಂದೂವರೆ ವರ್ಷ ಕಲಿತು ಬಿಟ್ಟಳು, ಪಾಠಕ್ಕೆ ಹೋಗಿ ಬರುವ ಕೊನೆಯ ಬಸ್ಸು ಸಿಗುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹದಿನಾರಕ್ಕೆ ಸ್ವಂತ ಪದ ಕಟ್ಟತೊಡಗಿದಳು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದು, ಧಾಟಿ ಮರೆಯದಿರಲಿ ಎಂದು ಫೋನಿನಲ್ಲಿ ಗುನುಗಿ ಇಟ್ಟುಕೊಳ್ಳುತ್ತಿದ್ದಳು. ಆ ಗುನುಗುಗಳು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂದವು ಎಂದು ಆಮೇಲೆ ಹೇಳುತ್ತೇನೆ.

ಹೆಸರು ತಂದ ಹಾಡನ್ನು ಮುದ್ರಿಸಿದ್ದು ಅವರ ಕಾಫಿ ಗೋಡೌನಿನಲ್ಲಿ, 2022ರ ಫೆಬ್ರವರಿಯಲ್ಲಿ. ಮನೆಯಲ್ಲಿ ಹಂಚಿನ ಮಾಡು, ಗೋಡೆ ಬರಿದು. ಹಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಗೋಡೌನಿನಲ್ಲಿ ಆಗಷ್ಟೇ ಕಣದಿಂದ ತಂದ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಗಳನ್ನು ಆಳೆತ್ತರ ಒಟ್ಟಿದ್ದರು. ಮೂರು ಕಡೆ ಗೋಣಿಚೀಲದ ಗೋಡೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಹುಡುಗಿ ಅಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿದಳಂತೆ. ಸದ್ದು ಗೋಣಿಯೊಳಗೆ ಹೋಗಿ ಅಲ್ಲೇ ಉಳಿಯಿತು. ಹಾಸನದ ಒಂದು ಸಣ್ಣ ಸ್ಟುಡಿಯೋದಲ್ಲಿ ಗಿಟಾರ್ ನುಡಿಸುವ ಹುಡುಗ ಲ್ಯಾಪ್‌ಟಾಪು, ಎರವಲು ಮೈಕು ತಂದ. ರಾತ್ರಿ ಹತ್ತರ ಮೇಲೆ, ಪಂಪ್‌ಸೆಟ್‌ಗಳೆಲ್ಲ ನಿಂತ ಬಳಿಕ, ನಾಲ್ಕು ರಾತ್ರಿ ಹಾಡಿದಳು. ಮೈಕಿನ ಬಾಡಿಗೆ, ಮಿಕ್ಸಿಂಗು ಎಲ್ಲ ಸೇರಿ ಎಂಟು ಸಾವಿರ ರೂಪಾಯಿ ಅಪ್ಪ ಕೊಟ್ಟ. ಏಪ್ರಿಲ್‌ನಲ್ಲಿ ಇನ್ನೊಂದು ಹಾಡು ಮಾಡಹೋದರೆ ಮೂಟೆಗಳೆಲ್ಲ ಸಿಪ್ಪೆ ಬಿಡಿಸುವ ಕ್ಯೂರಿಂಗ್‌ಗೆ ಹೋಗಿಬಿಟ್ಟಿದ್ದವು, ಖಾಲಿ ಗೋಡೌನು ದನಿಯನ್ನು ನುಂಗಲಿಲ್ಲ. ಆ ಎರಡನೇ ಮುದ್ರಣ ಇವತ್ತಿಗೂ ಹೊರಗೆ ಬಂದಿಲ್ಲ.

ಕನ್ನಡದಲ್ಲಿ ಸಿನಿಮಾದ ಹೊರಗೆ ಹಾಡಿ ಹೆಸರು ಮಾಡುವ ದಾರಿ ಮೊದಲಿನಿಂದಲೂ ಕಿರಿದು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಕಾಲದಲ್ಲಿ ಅದು ವೇದಿಕೆ ಮತ್ತು ಕ್ಯಾಸೆಟ್ಟು. ಶಿಶುನಾಳ ಷರೀಫರ ಪದಗಳನ್ನು ಗಿಟಾರು, ಡ್ರಮ್ಸ್ ಜೊತೆ ಹಾಡಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ನಮ್ಮ ಹಾಸನ ಜಿಲ್ಲೆಯವರೇ ಆದ ಚಂದನ್ ಶೆಟ್ಟಿ ಯೂಟ್ಯೂಬ್ ರ್ಯಾಪ್ ಹಾಡುಗಳಿಂದ ಮನೆಮಾತಾದರು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಹದಿನೈದು ಸೆಕೆಂಡಿನ ತುಣುಕೊಂದು ಹಾಡನ್ನು ಊರೂರಿಗೆ ಒಯ್ಯತೊಡಗಿತು. ಇವಳ ಹಾಡಿಗೂ ಆದದ್ದು ಅದೇ. ಕಾಫಿ ಹೂ ಬಿಡುವ ಹೊತ್ತಿಗೆ ತೋಟಕ್ಕೆ ಬಂದ ಪ್ರವಾಸಿಗರು, ಮದುವೆ ವಿಡಿಯೋ ಮಾಡುವವರು ಆ ಹಾಡಿನ ಪಲ್ಲವಿಯನ್ನು ಹಿಡಿದುಕೊಂಡರು. ಮೇ ಕೊನೆಗೆ ಬೆಂಗಳೂರಿನ ಕಂಪನಿಯಿಂದ ಮೇಲ್ ಬಂತು.

ಹನ್ನೊಂದು ಪುಟ, ಪೂರ್ತಿ ಇಂಗ್ಲಿಷು. ಒಂದೂವರೆ ಲಕ್ಷ ರೂಪಾಯಿ ಒಂದೇ ಗಂಟು. ಒಂದು ವಾರದೊಳಗೆ ಸಹಿ ಮಾಡಿ ಕಳಿಸಬೇಕು.

ಗೆಳೆಯ ಕುರ್ಚಿಯಲ್ಲಿ ಸರಿಯಾಗಿ ಕೂರಲೂ ಇಲ್ಲ. "ಓದೋ. ಇದು ಫಸಲು ಗುತ್ತಿಗೆನೋ, ತೋಟದ ಕ್ರಯನೋ, ಅಷ್ಟು ಹೇಳು ಸಾಕು" ಅಂದ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಮೇಲಿನ ಮೆಣಸನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟರೆ ಅವನು ಆ ವರ್ಷದ ಫಸಲು ಕೊಯ್ದುಕೊಂಡು ಹೋಗುತ್ತಾನೆ, ಬಳ್ಳಿ ನಮ್ಮದಾಗಿಯೇ ಇರುತ್ತದೆ. ಕ್ರಯಪತ್ರ ಆದರೆ ಬೇಲಿಯೊಳಗೆ ಕಾಲಿಡಲೂ ಇನ್ನೊಬ್ಬರ ಅಪ್ಪಣೆ ಬೇಕು. ಕಾಪಿರೈಟ್ ಕಾನೂನನ್ನು ನಾನು ಕಾಲೇಜು ಬಿಟ್ಟ ಮೇಲೆ ಮುಟ್ಟಿರಲಿಲ್ಲ. ಆ ರಾತ್ರಿ ಓದುತ್ತ ಹೋದಂತೆ ಅವನ ಪ್ರಶ್ನೆಗಿಂತ ಒಳ್ಳೆಯ ಬೀಗದಕೈ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನಾವು ಒಂದು ಹಾಡು ಅನ್ನುವುದು ಒಂದು ಆಸ್ತಿಯಲ್ಲ, ಮೂರು. ಪದ ಒಂದು ಕೃತಿ. ಧಾಟಿ ಇನ್ನೊಂದು ಕೃತಿ. ಆ ಪದವನ್ನು ಆ ಧಾಟಿಯಲ್ಲಿ ಹಾಡಿ ಮುದ್ರಿಸಿದ ರೆಕಾರ್ಡಿಂಗ್ ಮೂರನೆಯದು. ಪದ, ಧಾಟಿ ಎರಡಕ್ಕೂ ರಕ್ಷಣೆ ಕರ್ತೃವಿನ ಜೀವಮಾನ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ರೆಕಾರ್ಡಿಂಗಿಗೆ ಪ್ರಕಟವಾದಾಗಿನಿಂದ 60 ವರ್ಷ. ರೆಕಾರ್ಡಿಂಗಿನ ಮೊದಲ ಒಡೆತನ ಹಾಡಿದವರಿಗೆ ತಾನಾಗಿ ಬರುವುದಿಲ್ಲ, ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರಿಗೆ ಬರುತ್ತದೆ. ಗೋಡೌನು ಹುಡುಕಿದ್ದು, ಗಿಟಾರ್ ಹುಡುಗನನ್ನು ಕರೆಸಿದ್ದು, ಅಪ್ಪನಿಂದ ದುಡ್ಡು ಕೊಡಿಸಿದ್ದು ಹುಡುಗಿ. ಅಂದರೆ ಇಲ್ಲಿ ಮೂರೂ ಅವಳ ಕೈಯಲ್ಲಿದ್ದವು. ಇಪ್ಪತ್ತರ ವಯಸ್ಸಿನಲ್ಲಿ ಎಷ್ಟು ಹಾಡುಗಾರರಿಗೆ ಆ ಭಾಗ್ಯ ಇರುತ್ತದೆ?

ಕಂಪನಿಯ ಕಾಗದ ಮೂರನ್ನೂ ಕೇಳಿತ್ತು. ಪ್ರಪಂಚದಾದ್ಯಂತ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೆ. ಮುಂದಿನ ಐದು ವರ್ಷ ಅವಳು ಬರೆಯುವ ಪ್ರತಿ ಹಾಡೂ ಇದೇ ಷರತ್ತಿಗೆ ಒಳಪಡುತ್ತಿತ್ತು. ಇದೇ ಹಾಡನ್ನು ಅವಳು ಇನ್ನೊಮ್ಮೆ ಎಂದೂ ಮುದ್ರಿಸುವಂತಿಲ್ಲ. ಒಂದೂವರೆ ಲಕ್ಷದ ಮೇಲೆ ರಾಯಲ್ಟಿ, ಅಂದರೆ ಹಾಡು ಬಳಕೆಯಾದಾಗಲೆಲ್ಲ ಬರುವ ಪಾಲು, ಏನೂ ಇಲ್ಲ.

ಈ ಕೊನೆಯ ಷರತ್ತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2012ರ ತಿದ್ದುಪಡಿ 18ನೇ ಕಲಮಿಗೆ ಸೇರಿಸಿದ ಮಾತು ಪ್ರತಿ ಪದ ಬರೆಯುವವರೂ ಧಾಟಿ ಕಟ್ಟುವವರೂ ಬಾಯಿಪಾಠ ಮಾಡಿಕೊಳ್ಳಬೇಕಾದದ್ದು. ಸಿನಿಮಾದ ಭಾಗವಲ್ಲದ ರೆಕಾರ್ಡಿಂಗಿನಲ್ಲಿ ಸೇರಿದ ಸಾಹಿತ್ಯಕ್ಕೆ, ಸಂಗೀತಕ್ಕೆ ಬರುವ ರಾಯಲ್ಟಿಯಲ್ಲಿ ಕರ್ತೃವಿಗೆ ಹಕ್ಕು ಕೊಂಡವರ ಜೊತೆ ಸಮಪಾಲು ಇದೆ. ಆ ಪಾಲನ್ನು ವಾರಸುದಾರರಿಗೆ, ಇಲ್ಲವೇ ವಸೂಲಿಗಾಗಿ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ, ಬರೆದುಕೊಟ್ಟರೂ ಅದು ಅಸಿಂಧು. 19ನೇ ಕಲಮು ಇನ್ನಷ್ಟು ಕೊಡುತ್ತದೆ: ಹಕ್ಕು ವರ್ಗಾಯಿಸುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದು, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದು ತಿಳಿಯತಕ್ಕದ್ದು. ಆದರೆ ಕಂಪನಿಯವರು ಎರಡನ್ನೂ ಮರೆಯದೆ ಬರೆದಿದ್ದರು. ಬರೆದ ಮೇಲೆ ಆ ಕಲಮಿನ ಆಸರೆ ಹೋಯಿತು.

ಮರುದಿನ ಇದನ್ನೆಲ್ಲ ಹೇಳಿದಾಗ ಹುಡುಗಿಯ ಮುಖ ಬಾಡಿತು. ಆಮೇಲೆ ಒಂದು ಮಾತು ಕೇಳಿದಳು. ಈ ಪ್ರಕರಣ ತಿರುಗಿದ್ದು ಆ ಮಾತಿನ ಮೇಲೆ.

"ಮಾವ, ಟೇಲರ್ ಸ್ವಿಫ್ಟೂ ಹದಿನೈದನೇ ವಯಸ್ಸಿಗೆ ಇಂಥದೇ ಕಾಗದಕ್ಕೆ ಸೈನ್ ಮಾಡಿದ್ದು. ಮಾಡದೇ ಇದ್ದಿದ್ರೆ ಅವಳು ಯಾರಿಗೆ ಗೊತ್ತಾಗ್ತಿದ್ಲು?"

ನನಗೆ ಆ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಎರಡು ದಿನ ಟೈಮು ಕೊಡು ಎಂದು ಓದಿದೆ. ಪೆನ್ಸಿಲ್ವೇನಿಯಾದ ಒಂದು ಕ್ರಿಸ್‌ಮಸ್ ಮರಗಳ ತೋಟದಲ್ಲಿ ಬಾಲ್ಯ ಕಳೆದ ಹುಡುಗಿ. ಹಾಡು ಬರೆಯುವ ಆಸೆಗೆ ಇಡೀ ಕುಟುಂಬ ನ್ಯಾಶ್‌ವಿಲ್ ಪಕ್ಕಕ್ಕೆ ಬಂದು ನೆಲೆಸಿತು. 2005ರಲ್ಲಿ ಆಗಷ್ಟೇ ಹುಟ್ಟಿದ ಬಿಗ್ ಮೆಷಿನ್ ಎಂಬ ಕಂಪನಿಯ ಜೊತೆ ಒಪ್ಪಂದ ಆಯಿತು. ಮೊದಲ ಆರು ಆಲ್ಬಂಗಳ ಮೂಲ ಮುದ್ರಣ ಕಂಪನಿಯ ಸ್ವತ್ತಾದವು. ಹದಿಮೂರು ವರ್ಷದಲ್ಲಿ ಅವಳು ಪ್ರಪಂಚದ ಅತಿ ದೊಡ್ಡ ಹಾಡುಗಾರ್ತಿಯರಲ್ಲಿ ಒಬ್ಬಳಾದಳು. 2018ರ ನವೆಂಬರ್‌ನಲ್ಲಿ ಬೇರೆ ಕಂಪನಿಗೆ ಹೋದಾಗ, ಮುಂದಿನ ರೆಕಾರ್ಡಿಂಗುಗಳೆಲ್ಲ ತನ್ನವೇ ಎಂದು ಬರೆಸಿಕೊಂಡಳು. 2019ರ ಜೂನ್‌ನಲ್ಲಿ ಹಳೆಯ ಕಂಪನಿಯೇ ಮಾರಾಟವಾಗಿ, ಅವಳ ಆರೂ ಆಲ್ಬಂಗಳು ಅವಳಿಗೆ ಸರಿಬೀಳದ ವ್ಯಕ್ತಿಯ ಕೈಗೆ ಹೋದವು. ಮರುವರ್ಷ ಅವರು ಒಂದು ಹೂಡಿಕೆ ಕಂಪನಿಗೆ ಮಾರಿದರು. ತೋಟ ಎರಡು ಕೈ ಬದಲಾಯಿತು, ನೆಟ್ಟವಳು ಹೊರಗೆ ನಿಂತು ನೋಡಿದಳು.

ಹುಡುಗಿ ಹೇಳಿದ್ದು ನಿಜವೇ ಆಗಿತ್ತು, ಟೇಲರ್ ಸ್ವಿಫ್ಟೂ ಬರೆದುಕೊಟ್ಟಿದ್ದಳು. ಆದರೆ ಬರೆದುಕೊಟ್ಟದ್ದು ಮೂರರಲ್ಲಿ ಒಂದನ್ನು ಮಾತ್ರ, ರೆಕಾರ್ಡಿಂಗನ್ನು. ಹಾಡುಗಳನ್ನು ಬರೆದವಳು ಅವಳೇ, ಕೃತಿಯ ಮೇಲಿನ ಹಿಡಿತ ಅವಳ ಕೈ ಬಿಟ್ಟಿರಲಿಲ್ಲ. ಮೊದಲ ಐದು ಆಲ್ಬಂಗಳನ್ನು 2020ರ ನವೆಂಬರ್ ನಂತರ ಮತ್ತೆ ಹಾಡಿ ಮುದ್ರಿಸಲು ಒಪ್ಪಂದದಲ್ಲೇ ದಾರಿ ಇತ್ತು. 2021ರಿಂದ 2023ರೊಳಗೆ ನಾಲ್ಕು ಆಲ್ಬಂಗಳನ್ನು ಹಾಗೆ ಹೊಸದಾಗಿ ಮುದ್ರಿಸಿ, ಪ್ರತಿಯೊಂದಕ್ಕೂ "ಟೇಲರ್ಸ್ ವರ್ಷನ್" ಎಂದು ಹೆಸರಿಟ್ಟಳು. ಕೇಳುಗರು ಹಳೆಯದನ್ನು ಬಿಟ್ಟು ಹೊಸದರ ಕಡೆ ಹೊರಳಿದರು. 2025ರ ಮೇ ತಿಂಗಳಲ್ಲಿ ಹಳೆಯ ಆರನ್ನೂ ಕೊಂಡು ತನ್ನದಾಗಿಸಿಕೊಂಡಳು. ಈ ಕೊನೆಯ ಸಂಗತಿ ನಮ್ಮ ಮಾತುಕತೆಯ ಹೊತ್ತಿಗೆ ಇನ್ನೂ ನಡೆದಿರಲಿಲ್ಲ. ಮೊದಲೆರಡು ಮರುಮುದ್ರಣ ಮಾತ್ರ ಆಗಿದ್ದವು, ನನ್ನ ವಾದಕ್ಕೆ ಅಷ್ಟೇ ಸಾಕಾಗಿತ್ತು.

"ಅವಳಿಗೆ ತಿರುಗಿ ಹಾಡೋಕೆ ಬಳ್ಳಿ ಉಳಿದಿತ್ತಲ್ಲ ಮಗಾ. ನಿನ್ನ ಕಾಗದ ಬಳ್ಳಿನೂ ಕೇಳ್ತಿದೆ" ಅಂದೆ. ಅವಳು ಮಾತಾಡಲಿಲ್ಲ. ಕಾಗದ ಈಸಿಕೊಂಡು ಹೋಗಿ ರಾತ್ರಿಯೆಲ್ಲ ಡಿಕ್ಷನರಿ ಇಟ್ಟುಕೊಂಡು ತಾನೇ ಓದಿದಳು. ಬೆಳಿಗ್ಗೆ ಫೋನ್ ಮಾಡಿ, ನಾನು ಎರಡು ಸಲ ಓದಿಯೂ ಗಮನಿಸದ ಒಂದು ಸಾಲು ತೋರಿಸಿದಳು. ಅವಳು ವೇದಿಕೆಗೆ ಇಟ್ಟುಕೊಂಡಿದ್ದ ಹೆಸರು, ಆ ಹೆಸರಿನ ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂ ಖಾತೆ ಕಂಪನಿಯ ಸ್ವತ್ತಾಗುತ್ತದೆ ಎಂದಿತ್ತು. ಆ ಹೆಸರಿನ ಅರ್ಧ ಅವರ ಮನೆತನದ್ದು. ಜಮೀನಿನ ವಕೀಲ ನಾನು, ಕಾಗದದಲ್ಲಿ ಆಸ್ತಿ ಹುಡುಕುತ್ತಿದ್ದೆ. ಹೆಸರೂ ಆಸ್ತಿ ಎಂದು ನನಗೆ ಹೊಳೆಯಲಿಲ್ಲ. ಇಂಥ ಕಾಗದ ತಂದವರಿಗೆಲ್ಲ ಈಗ ನಾನು ಮೊದಲು ತೆಗೆದು ತೋರಿಸುವುದು ಆ ಪುಟವನ್ನೇ.

ಉತ್ತರ ಬರೆಯುವ ಮುಂಚೆ ನಮ್ಮ ಮನೆಯನ್ನು ನಾವು ಸರಿಮಾಡಿಕೊಳ್ಳಬೇಕಾಗಿತ್ತು. ಎರಡು ತೊಡಕುಗಳಿದ್ದವು.

ಮೊದಲನೆಯದು ಗಿಟಾರ್ ಹುಡುಗ. ಧಾಟಿ ತನ್ನದೂ ಹೌದು ಎಂದು ಅವನು ಗೆಳೆಯರಲ್ಲಿ ಹೇಳಿಕೊಂಡಿದ್ದ. ಅವನನ್ನು ನಾನು ಕೆಟ್ಟವನೆನ್ನಲಾರೆ. ನಾಲ್ಕು ರಾತ್ರಿ ನಿದ್ದೆಗೆಟ್ಟವನು, ನಡುವಿನ ಗಿಟಾರ್ ತುಣುಕು ಅವನದೇ, ಅದಿಲ್ಲದೆ ಆ ಹಾಡನ್ನು ಈಗ ಊಹಿಸಲೂ ಆಗುವುದಿಲ್ಲ. ಇಲ್ಲಿ ಅವಳ ಫೋನಿನ ಗುನುಗುಗಳು ನೆರವಿಗೆ ಬಂದವು. 2021ರ ಅಕ್ಟೋಬರ್ ತಾರೀಖಿನ ಒಂದು ತುಣುಕಿನಲ್ಲಿ ಪಲ್ಲವಿ, ಚರಣ ಎರಡೂ ಪೂರ್ತಿ ಇದ್ದವು, ಹಿಂದೆ ಮಿಕ್ಸಿಯ ಸದ್ದು. ಆಗ ಅವರಿಬ್ಬರಿಗೆ ಪರಿಚಯವೇ ಇರಲಿಲ್ಲ. ಮೂವರನ್ನೂ ಕೂರಿಸಿ ಕೇಳಿಸಿದೆ. ಹುಡುಗ ತಾನಾಗಿಯೇ "ಧಾಟಿ ಇವಳದು ಸರ್, ಅರೇಂಜ್‌ಮೆಂಟ್ ನಂದು" ಅಂದ. ರೆಕಾರ್ಡಿಂಗಿನಿಂದ ಬರುವ ಆದಾಯದಲ್ಲಿ ಐದರಲ್ಲೊಂದು ಪಾಲು, ಎಲ್ಲ ಕಡೆ ಅವನ ಹೆಸರು. ಒಂದೂವರೆ ಪುಟ, ಕನ್ನಡದಲ್ಲಿ ಬರೆದು ಸಹಿ ಹಾಕಿಸಿದೆ. ಈ ಕಾಗದ ಫೆಬ್ರವರಿಯಲ್ಲೇ, ಮೈಕು ಜೋಡಿಸುವ ಮುಂಚೆಯೇ ಆಗಿದ್ದರೆ ಇಬ್ಬರ ನಡುವೆ ಒಂದು ತಿಂಗಳು ಮಾತು ನಿಲ್ಲುತ್ತಿರಲಿಲ್ಲ.

ಎರಡನೆಯದು ಅಜ್ಜಿಯ ಸೋಬಾನೆ. ಪಲ್ಲವಿಯ ಮೊದಲ ಎರಡು ಸಾಲು ಅಲ್ಲಿಂದ ಬಂದದ್ದು. ಕಂಪನಿಯ ಕಾಗದದಲ್ಲಿ "ಕೃತಿ ಪೂರ್ತಿ ಸ್ವಂತ, ಯಾರಾದರೂ ತಕರಾರು ತೆಗೆದರೆ ಖರ್ಚು, ನಷ್ಟ ಎಲ್ಲ ನನ್ನದು" ಎಂದು ಹುಡುಗಿ ಒಪ್ಪಿಕೊಳ್ಳಬೇಕಿತ್ತು. ಹಾಗೆ ಸಹಿ ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು. ಬಾಯಿಂದ ಬಾಯಿಗೆ ಬಂದ ಜನಪದ ಸಾಲಿಗೆ ಒಡೆಯರಿಲ್ಲ, ಯಾರು ಬೇಕಾದರೂ ಎತ್ತಿಕೊಂಡು ಹಾಡಬಹುದು. ಎತ್ತಿಕೊಂಡು ನನ್ನದೇ ಅನ್ನುವುದಕ್ಕೆ ಮಾತ್ರ ಬರುವುದಿಲ್ಲ. ಆ ಎರಡು ಸಾಲು ಸಾಂಪ್ರದಾಯಿಕ, ಉಳಿದ ಹದಿನಾಲ್ಕು ಸಾಲು, ಇಡೀ ಧಾಟಿ ಇವಳದು ಎಂದು ಬಿಡಿಸಿ ಬರೆದೆವು.

ನಮ್ಮ ಉತ್ತರ ಹೋದದ್ದು ಜೂನ್ ಮೂರನೇ ವಾರ. ಪದ, ಧಾಟಿ ಕೊಡುವುದಿಲ್ಲ. ರೆಕಾರ್ಡಿಂಗನ್ನು ನಿಗದಿತ ಅವಧಿಗೆ ಲೈಸೆನ್ಸ್ ಕೊಡುತ್ತೇವೆ. ಮುಂದಿನ ಹಾಡುಗಳ ಮೇಲೆ ಹಕ್ಕಿಲ್ಲ. ಹೆಸರು ಅವಳದೇ.

ಆಮೇಲೆ ಕಂಪನಿಯಿಂದ ಸದ್ದೇ ಇಲ್ಲ. ಆ ಆರು ವಾರಗಳನ್ನು ಮುಚ್ಚಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಮಳೆ ಹಿಡಿಯಿತು, ತೋಟದ ವಿಡಿಯೋಗಳು ನಿಂತವು, ಹಾಡಿನ ಓಟ ಇಳಿಯಿತು. ಯಾರೋ ಒಬ್ಬರು ಆ ಹಾಡನ್ನೇ ತಮ್ಮದೆಂದು ಬೇರೆ ಚಾನೆಲ್ಲಿಗೆ ಹಾಕಿಕೊಂಡರು, ಅದನ್ನು ತೆಗೆಸಲು ಹನ್ನೆರಡು ದಿನ ಬೇಕಾಯಿತು. ಅವಳ ತರಗತಿಯ ಇನ್ನೊಬ್ಬ ಹುಡುಗ ಅಂಥದೇ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ ಟಿವಿಯಲ್ಲಿ ಕಾಣಿಸಿಕೊಂಡ. ಹುಡುಗಿ ನನ್ನ ಫೋನ್ ಎತ್ತುವುದನ್ನು ಬಿಟ್ಟಳು. ಗೆಳೆಯನ ಹೆಂಡತಿ "ಅಣ್ಣ, ಹುಡುಗಿಯ ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡಿಬಿಟ್ರಲ್ಲ" ಅಂದರು. ರಾತ್ರಿ ನನಗೂ ನಿದ್ದೆ ಬರುತ್ತಿರಲಿಲ್ಲ. ಜಮೀನಿನ ಕೇಸು ಹತ್ತು ವರ್ಷ ಎಳೆದರೂ ಜಮೀನು ಅಲ್ಲೇ ಇರುತ್ತದೆ. ಹಾಡಿಗೆ ಅಂಥ ತಾಳ್ಮೆ ಇಲ್ಲ, ಅದನ್ನು ನಾನು ತೂಗಿ ನೋಡಿರಲಿಲ್ಲ.

ಆಗಸ್ಟ್ ಮೊದಲ ವಾರ ಕಂಪನಿಯವರು ಬಂದರು. ಎರಡು ಸುತ್ತು ಮಾತಾಯಿತು. ಕೊನೆಗೆ ಆದದ್ದು ಹೀಗೆ. ಆ ಒಂದು ರೆಕಾರ್ಡಿಂಗ್ ಏಳು ವರ್ಷದ ಲೈಸೆನ್ಸಿಗೆ. ಅವಧಿ ಮುಗಿದ ಮೇಲೆ ಅದು ಅವಳಿಗೆ ವಾಪಸು. ಮರುಮುದ್ರಣ ಮೂರು ವರ್ಷ ಬಿಟ್ಟು ಮಾಡಬಹುದು. ಮುಂದಿನ ಎರಡು ಹಾಡುಗಳನ್ನು ಮೊದಲು ಕಂಪನಿಗೆ ತೋರಿಸಬೇಕು, ಅವರು ಒಪ್ಪದಿದ್ದರೆ ಎಲ್ಲಿ ಬೇಕಾದರೂ ಕೊಡಬಹುದು. ಪದ, ಧಾಟಿ, ಹೆಸರು ಅವಳದು. ಮುಂಗಡ ಒಂದೂವರೆ ಲಕ್ಷದಿಂದ ಅರವತ್ತು ಸಾವಿರಕ್ಕೆ ಇಳಿಯಿತು. ತೊಂಬತ್ತು ಸಾವಿರ ಬಿಟ್ಟುಕೊಡುವುದು ನಾಲ್ಕು ಎಕರೆ ತೋಟದ ಮನೆಗೆ ಸಣ್ಣ ಮಾತಲ್ಲ. ಸಹಿ ಹಾಕುವ ಮುಂಚೆ ಗೆಳೆಯ ಮಗಳ ಮುಖ ನೋಡಿದ. ಅವಳು "ಹಾಕ್ತೀನಪ್ಪ" ಅಂದಳು.

ಮುಂಬೈನಲ್ಲಿರುವ ಐಪಿಆರ್‌ಎಸ್ ಸೊಸೈಟಿ 1969ರಲ್ಲಿ ಹುಟ್ಟಿದ್ದು, ಪದ ಬರೆಯುವವರ, ಧಾಟಿ ಕಟ್ಟುವವರ ರಾಯಲ್ಟಿ ವಸೂಲಿ ಮಾಡಿ ಹಂಚುತ್ತದೆ. ಅಲ್ಲಿಗೆ ಸಾಹಿತಿಯಾಗಿಯೂ ಸಂಗೀತ ಕಟ್ಟಿದವಳಾಗಿಯೂ ಅವಳನ್ನು ಸದಸ್ಯೆ ಮಾಡಿಸಿದೆವು. ಮೊದಲು ಬಂದ ಹಣ ಒಂದು ಮೂಟೆ ಚೆರ್ರಿಯ ಬೆಲೆಯಷ್ಟೂ ಇರಲಿಲ್ಲ. ಆದರೂ ಅದು ಬಂದ ದಿನ ಬ್ಯಾಂಕಿನ ಮೆಸೇಜನ್ನು ನನಗೆ ಫೋಟೋ ತೆಗೆದು ಕಳಿಸಿದಳು, ಎರಡು ತಿಂಗಳ ಬಳಿಕ ಅವಳಿಂದ ಬಂದ ಮೊದಲ ಮೆಸೇಜು ಅದು. ಮನೆ ನಡೆಸುವಷ್ಟು ದುಡಿಮೆ ಅವಳಿಗೆ ವೇದಿಕೆಯಿಂದ ಬರುತ್ತದೆ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗದ ಕಾಲೇಜುಗಳು, ಗಣೇಶೋತ್ಸವ, ಈಗೀಗ ಬೆಂಗಳೂರು. ಕಂಪನಿಯ ಪ್ರಚಾರ ಅದಕ್ಕೆ ನಿಜಕ್ಕೂ ಸಹಾಯ ಮಾಡಿತು, ಆ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಪ್ಪಂದವಾದ ಮೇಲೆ ತೋರಿಸಿದ ಹಾಡು ಕಂಪನಿಗೆ ಹಿಡಿಸಲಿಲ್ಲ. ಅವಳೇ ಹೊರತಂದಳು, ಮೊದಲನೆಯದಕ್ಕಿಂತ ಹೆಚ್ಚು ಓಡಿತು, ಅದರ ಮೂರೂ ಪಾಲು ಅವಳದೇ.

ಮೂರು ವರ್ಷ ತುಂಬಿದ್ದರಿಂದ ಈಗ ಮೊದಲ ಹಾಡನ್ನು ಮತ್ತೆ ಮುದ್ರಿಸುತ್ತಿದ್ದಾಳೆ. ಈ ಸಲ ಮೊದಲ ಎರಡು ಸಾಲನ್ನು ಅಜ್ಜಿಯೇ ಹಾಡಬೇಕಂತೆ. ಹಾಡುವವರಿಗೂ ಕಾಯ್ದೆಯಲ್ಲಿ ಹಕ್ಕಿದೆ, 38ನೇ ಕಲಮು, 50 ವರ್ಷ. ಹಾಗಾಗಿ ಹೋದ ಭಾನುವಾರ ಅರ್ಧ ಪುಟದ ಒಪ್ಪಿಗೆ ಪತ್ರ ಬರೆದುಕೊಂಡು ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಗೆ ಓದಿ ಹೇಳಿದೆ. ಹಾಡಿದ್ದಕ್ಕೆ ಇಷ್ಟು ಪಾಲು, ಇಂಥ ಕಡೆ ಹೆಸರು. ಅಜ್ಜಿ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು ಕೇಳಿತು:

"ಇದನ್ನ ನನಗೆ ಕಲಿಸಿದ್ದು ಕೆಳಗಿನ ಮನೆ ಲಕ್ಕಕ್ಕ. ಅವಳ ಮಕ್ಕಳಿಗೇನು ಬರಿದಿದ್ದೀಯಪ್ಪ?"

ನನ್ನಲ್ಲಿ ಕಾನೂನಿನ ಉತ್ತರ ಇರಲಿಲ್ಲ. ಅಜ್ಜಿ ಇನ್ನೂ ಸಹಿ ಹಾಕಿಲ್ಲ. ಲಕ್ಕಕ್ಕನ ಸೊಸೆಯನ್ನೂ ಹಾಡಲು ಕರೆಯೋಣವೇ ಎಂದು ಹುಡುಗಿ ಕೇಳುತ್ತಿದ್ದಾಳೆ. ಕರೆದರೆ ಪತ್ರದಲ್ಲಿ ಇನ್ನೊಂದು ಹೆಸರು ಸೇರಿಸಲು ಜಾಗ ಬಿಟ್ಟಿದ್ದೇನೆ.